ನಕಲಿ ಪವರ್ ಟ್ರಾನ್ಸಿಸ್ಟರನ್ನು ಪತ್ತೆಹಚ್ಚುವುದು ಹೇಗೆ?

ಆಂಪ್ಲಿಫೈಯರ್ ದುರಸ್ತಿಗೆಂದು ಹೊಸ ಟ್ರಾನ್ಸಿಸ್ಟರ್ ತಂದವರು, ಮಲ್ಟಿಮೀಟರಿನ ಡಯೋಡ್ ಪರೀಕ್ಷೆಯಲ್ಲಿ 0.6 ವೋಲ್ಟ್ ಆಸುಪಾಸಿನ ಅಂಕಿ ಕಂಡ ಕೂಡಲೇ ನಂಬಿ ಬೆಸುಗೆ ಹಾಕಿಬಿಡುವುದನ್ನೂ, ಧ್ವನಿ ಏರಿಸಿದ ಸ್ವಲ್ಪ ಹೊತ್ತಿನಲ್ಲೇ ಅದು ಸುಟ್ಟು ಸ್ಪೀಕರನ್ನೂ ಕೆಡಿಸುವುದನ್ನೂ ನಾನು ಹಲವು ಬಾರಿ ಕಂಡಿದ್ದೇನೆ. ಒಳಗೊಂದು ಟ್ರಾನ್ಸಿಸ್ಟರ್ ಇದೆ ಎಂಬುದನ್ನಷ್ಟೇ ಆ ಪರೀಕ್ಷೆ ಹೇಳುತ್ತದೆ. ನಕಲಿ ಮಾಡುವವರು ಸಾಮಾನ್ಯವಾಗಿ ದೊಡ್ಡ ಕವಚದೊಳಗೆ ಚಿಕ್ಕ ಸಿಲಿಕಾನ್ ಚಿಪ್ ಇಟ್ಟು, ಬೇಡಿಕೆಯಿರುವ ಸಂಖ್ಯೆಯನ್ನು ಮೇಲೆ ಮುದ್ರಿಸುತ್ತಾರೆ. ಆದ್ದರಿಂದ ನಾವು ಪತ್ತೆಹಚ್ಚಬೇಕಾದದ್ದು ಚಿಪ್‌ನ ಗಾತ್ರವನ್ನು.

ಹಂತ 1: ತಯಾರಕರ ಡೇಟಾಶೀಟ್ (ಭಾಗದ ಅಳತೆ ಮತ್ತು ಗುಣಗಳ ವಿವರಪಟ್ಟಿ) ಎದುರಿಗಿಟ್ಟುಕೊಂಡು ಕವಚದ ಅಳತೆ, ಕಾಲುಗಳ ದಪ್ಪ, ಮುದ್ರಣದ ವಿನ್ಯಾಸ ಹೋಲಿಸಿ. ಕಾಲುಗಳಲ್ಲಿ ಹಳೆಯ ಬೆಸುಗೆಯ ಗುರುತಿದ್ದರೆ ಕೊಳ್ಳಬೇಡಿ.

ಹಂತ 2: ಹತ್ತಿಗೆ ಅಸಿಟೋನ್ ಹಚ್ಚಿ ಮೇಲ್ಮೈ ಉಜ್ಜಿ. ಅಸಲಿ ಭಾಗದ ಶಾಯಿ ಮುದ್ರಣವೂ ಕೆಲವೊಮ್ಮೆ ಅಳಿಸಿಹೋಗುವುದರಿಂದ ಅಕ್ಷರ ಅಳಿದ ಮಾತ್ರಕ್ಕೆ ನಕಲಿ ಎನ್ನುವಂತಿಲ್ಲ. ಕಪ್ಪು ಲೇಪನವೇ ಎದ್ದುಬಂದು ಅದರಡಿಯಲ್ಲಿ ಉಜ್ಜುಕಾಗದದ ಗೀರುಗಳು ಕಂಡರೆ ಮಾತ್ರ ತಿರಸ್ಕರಿಸಿ.

ಹಂತ 3: ಬಹುಪಾಲು ಮಂದಿ ಎಡವುವುದು ಇಲ್ಲಿ. ಟ್ರಾನ್ಸಿಸ್ಟರಿನ ಮೂರು ಕಾಲುಗಳು ಬೇಸ್, ಕಲೆಕ್ಟರ್ ಮತ್ತು ಎಮಿಟರ್. ಕಲೆಕ್ಟರ್ ಮತ್ತು ಬೇಸ್ ನಡುವಿನ ಜಂಕ್ಷನ್ ಪುಟ್ಟ ಕೆಪಾಸಿಟರಿನಂತೆ ವರ್ತಿಸುತ್ತದೆ; ಚಿಪ್‌ನ ವಿಸ್ತೀರ್ಣ ಹೆಚ್ಚಿದಷ್ಟೂ ಅದರ ಕೆಪಾಸಿಟನ್ಸ್ (ವಿದ್ಯುದಂಶ ಹಿಡಿದಿಡುವ ಸಾಮರ್ಥ್ಯ) ಹೆಚ್ಚು. ಅತಿ ಹೆಚ್ಚು ನಕಲಾಗುವ ಜೋಡಿಗಳಲ್ಲಿ ಒಂದಾದ ತೋಷಿಬಾದ 2ಎಸ್‌ಸಿ5200 ಮತ್ತು 2ಎಸ್‌ಎ1943ರ ಡೇಟಾಶೀಟಿನಲ್ಲಿ ಇದು ಕ್ರಮವಾಗಿ 200 ಮತ್ತು 360 ಪಿಕೊಫ್ಯಾರಡ್ ಎಂದಿದೆ. ಆದರೆ ಇವು 10 ವೋಲ್ಟ್ ಹಿಮ್ಮುಖ ವೋಲ್ಟೇಜ್ ಕೊಟ್ಟಾಗಿನ ಅಂಕಿಗಳು. ವೋಲ್ಟೇಜ್ ಇಳಿದಂತೆ ಕೆಪಾಸಿಟನ್ಸ್ ಏರುವುದರಿಂದ, ವೋಲ್ಟೇಜ್ ಕೊಡದೆ ಅಳೆದಾಗ ಅಸಲಿ ಭಾಗವು ಇದಕ್ಕಿಂತ ಸಾಕಷ್ಟು ಹೆಚ್ಚು ತೋರಿಸಲೇಬೇಕು. 200ಕ್ಕಿಂತ ಕಡಿಮೆ ತೋರಿಸುವ 2ಎಸ್‌ಸಿ5200 ನನ್ನ ಮಟ್ಟಿಗೆ ನಕಲಿಯೇ. ಅಳೆಯುವಾಗ ಎಮಿಟರನ್ನು ಯಾವುದಕ್ಕೂ ಜೋಡಿಸದೆ ಬಿಡಿ, ಮೀಟರಿನ ತಂತಿಗಳದೇ ಕೆಪಾಸಿಟನ್ಸನ್ನು ಮೊದಲು ಅಳೆದು ಕಳೆಯಿರಿ, ಟ್ರಾನ್ಸಿಸ್ಟರನ್ನು ಬೆರಳಲ್ಲಿ ಹಿಡಿಯಬೇಡಿ. ಸಾಧಾರಣ ಮಲ್ಟಿಮೀಟರ್ ಕೊಡುವ ವೋಲ್ಟೇಜ್ ಜಂಕ್ಷನಿನಲ್ಲಿ ಕರೆಂಟ್ ಹರಿಯುವಂತೆ ಮಾಡಿ ಅಂಕಿಯನ್ನು ಕೆಡಿಸಬಹುದು. ಆದ್ದರಿಂದ ಸಣ್ಣ ಎಸಿ ಸಂಕೇತದಿಂದ ಅಳೆಯುವ ಎಲ್‌ಸಿಆರ್ ಮೀಟರನ್ನೇ ಬಳಸಿ. ಖಚಿತವಾಗಿ ಅಸಲಿಯೆಂದು ಗೊತ್ತಿರುವ ಅದೇ ಸಂಖ್ಯೆಯ ಹಳೆಯ ಟ್ರಾನ್ಸಿಸ್ಟರ್ ನಿಮ್ಮಲ್ಲಿದ್ದರೆ, ಅದರೊಂದಿಗಿನ ಹೋಲಿಕೆಗಿಂತ ಉತ್ತಮ ಪ್ರಮಾಣ ಬೇರೊಂದಿಲ್ಲ. ಮಾಸ್‌ಫೆಟ್ (ಗೇಟ್, ಡ್ರೈನ್, ಸೋರ್ಸ್ ಎಂಬ ಕಾಲುಗಳಿರುವ ಇನ್ನೊಂದು ಬಗೆಯ ಟ್ರಾನ್ಸಿಸ್ಟರ್) ಆದರೆ ಡ್ರೈನ್ ಮತ್ತು ಸೋರ್ಸ್ ಎರಡನ್ನೂ ಒಟ್ಟಿಗೆ ಸೇರಿಸಿ, ಗೇಟಿನಿಂದ ಅಳೆಯಿರಿ. ಐಆರ್‌ಎಫ್540ಎನ್‌ನಲ್ಲಿ 1960 ಪಿಕೊಫ್ಯಾರಡ್‌ಗಿಂತ ಬಹಳ ಕಡಿಮೆ ಬರಕೂಡದು.

ಮೂರು ಕಾಲು ಸಿಕ್ಕಿಸಿದೊಡನೆ ವಿವರ ತೋರಿಸುವ ಅಗ್ಗದ ಪರೀಕ್ಷಕಗಳನ್ನು ಈ ಕೆಲಸಕ್ಕೆ ನೆಚ್ಚಬೇಡಿ. ಅವು ಗೇನ್ (ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್ ಕರೆಂಟ್ ಹರಿಯುತ್ತದೆ ಎಂಬ ಲೆಕ್ಕ) ಅಳೆಯುವುದು ಕೆಲವೇ ಮಿಲಿಆಂಪಿಯರ್‌ನಲ್ಲಿ. ಅಷ್ಟು ಕಡಿಮೆ ಕರೆಂಟಿನಲ್ಲಿ ಚಿಕ್ಕ ಚಿಪ್ ಕೂಡ ಸೊಗಸಾದ ಅಂಕಿಯನ್ನೇ ಕೊಡುತ್ತದೆ.

ಹಂತ 4: ಟ್ರಾನ್ಸಿಸ್ಟರನ್ನು ದೊಡ್ಡ ಹೀಟ್‌ಸಿಂಕಿಗೆ ಬಿಗಿದು, ಕಲೆಕ್ಟರ್ ಮತ್ತು ಎಮಿಟರ್ ನಡುವೆ 5 ವೋಲ್ಟ್ ಇಟ್ಟು, ಕಲೆಕ್ಟರ್ ಕರೆಂಟನ್ನು ಕ್ಷಣಕಾಲ 7 ಆಂಪಿಯರ್‌ಗೆ ಏರಿಸಿ. ಅಲ್ಲಿ 2ಎಸ್‌ಸಿ5200ರ ಕನಿಷ್ಠ ಗೇನ್ 35. ಎಂದರೆ ಬೇಸ್ ಕರೆಂಟ್ 200 ಮಿಲಿಆಂಪಿಯರ್ ಮೀರಬಾರದು. ಒಳಗಿರುವುದು ಚಿಕ್ಕ ಚಿಪ್ ಆಗಿದ್ದರೆ ಗೇನ್ ಕುಸಿದಿರುತ್ತದೆ, ಇಲ್ಲವೇ ಟ್ರಾನ್ಸಿಸ್ಟರೇ ಸತ್ತಿರುತ್ತದೆ.

ಹಂತ 5: ಹತ್ತಾರು ಕೊಂಡಿದ್ದರೆ ಒಂದನ್ನು ಒಡೆದು ನೋಡಿ. 2ಎನ್3055 ಎಂಬ ಪವರ್ ಟ್ರಾನ್ಸಿಸ್ಟರಿನ ಲೋಹದ ಮುಚ್ಚಳವನ್ನು ಗರಗಸದಿಂದ ಕೊಯ್ದರೆ ಒಳಗಿನ ಚಿಪ್ ನೇರವಾಗಿ ಕಾಣುತ್ತದೆ. ಹೆಚ್ಚಿನ ಕಂಪನಾಂಕದ ಪ್ರಸಾರಕಗಳಲ್ಲಿ ಬಳಸುವ, ಬಿಳಿ ಸೆರಾಮಿಕ್ ಇರುವ ಟ್ರಾನ್ಸಿಸ್ಟರುಗಳನ್ನು ಮಾತ್ರ ಎಂದಿಗೂ ಒಡೆಯಬೇಡಿ. ಕೆಲವುಗಳಲ್ಲಿರುವ ಬೆರಿಲಿಯಂ ಆಕ್ಸೈಡ್‌ನ ಪುಡಿ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ತೀವ್ರ ಹಾನಿಯಾಗುತ್ತದೆ.