ಗಿಟ್ ಸರ್ವರ್ ಹಾಕುವುದು ಸುಲಭ, ಅನುಮತಿ ಹಂಚುವುದು ಕಷ್ಟ

ಐದಾರು ಮಂದಿಯ ತಂಡವೊಂದು ತನ್ನ ಕೋಡ್‌ನ ಬದಲಾವಣೆಗಳನ್ನು ನಿಭಾಯಿಸಲು ಸ್ವಂತ ಗಿಟ್ ಸರ್ವರ್ ಹಾಕಿಕೊಳ್ಳುವುದಕ್ಕೆ ಅರ್ಧ ದಿನ ಸಾಕು. ಆ ಅರ್ಧ ದಿನದ ಅವಸರದಲ್ಲಿ ಅನುಮತಿಗಳ ವಿಚಾರವನ್ನು "ಆಮೇಲೆ ನೋಡೋಣ" ಎಂದು ಬಿಟ್ಟ ಕಚೇರಿಗಳಲ್ಲಿ, ಗ್ರಾಹಕರಿಗೆ ಹೊಸ ಆವೃತ್ತಿ ಕೊಡಬೇಕಾದ ದಿನವೇ ಯಾರದೋ ಒಂದು ವಾರದ ಕೆಲಸ ಕಾಣೆಯಾಗಿ, ಅಳಿಸಿದವರು ಯಾರೆಂದು ತಿಳಿಯದೆ ಎಲ್ಲರೂ ಮುಖ ಮುಖ ನೋಡಿಕೊಳ್ಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ಇಲ್ಲಿ ಅಳವಡಿಕೆಗೆ ಕಡಿಮೆ ಜಾಗ, ಅನುಮತಿಗೆ ಹೆಚ್ಚು ಜಾಗ.

ಮೊದಲ ಹಂತ ಯಂತ್ರದ್ದು. ಡೆಬಿಯನ್ ಅಥವಾ ಉಬುಂಟು ಇರುವ ಸಾಧಾರಣ ಕಂಪ್ಯೂಟರ್ ಸಾಕು, ಯುಪಿಎಸ್ ಮಾತ್ರ ಇರಲೇಬೇಕು. ಗಿಟ್ ಮತ್ತು (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗಲು ಬೇಕಾದ) ಓಪನ್‌ಎಸ್‌ಎಸ್‌ಎಚ್ ಪ್ಯಾಕೇಜುಗಳನ್ನು ಹಾಕಿ, 'ಗಿಟ್' ಎಂಬ ಹೆಸರಿನ ಒಂದು ಖಾತೆ ತೆರೆದು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ದಾರಿಯನ್ನು ಮುಚ್ಚಿಬಿಡಿ. ಸರ್ವರ್ ಏಕೆ ಬೇಕು, ರೆಪೊಸಿಟರಿಯನ್ನು (ಕೋಡ್ ಮತ್ತು ಅದರ ಬದಲಾವಣೆಗಳ ಇತಿಹಾಸ ಇರುವ ಸಂಗ್ರಹ, ಚಿಕ್ಕದಾಗಿ ರೆಪೊ) ಗೂಗಲ್ ಡ್ರೈವ್‌ನ ಹಂಚಿಕೆಯ ಫೋಲ್ಡರ್‌ನಲ್ಲೇ ಇಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಇಬ್ಬರು ಒಂದೇ ಹೊತ್ತಿಗೆ ಪುಷ್ ಮಾಡಿದಾಗ, ಅಂದರೆ ತಮ್ಮ ಬದಲಾವಣೆಗಳನ್ನು ಅಲ್ಲಿಗೆ ಕಳಿಸಿದಾಗ, ಗಿಟ್‌ನ ಒಳಗಿನ ಕಡತಗಳಲ್ಲಿ ಅರ್ಧ ಒಬ್ಬರದು, ಅರ್ಧ ಇನ್ನೊಬ್ಬರದು ಉಳಿದು ಇಡೀ ರೆಪೊ ಕೆಡಬಹುದು.

ಎರಡನೆಯ ಹಂತದಲ್ಲಿ, ಪುಷ್ ಮಾಡುತ್ತಿರುವವರು ಯಾರೆಂದು ಸರ್ವರ್‌ಗೆ ಗೊತ್ತಾಗುವ ಏರ್ಪಾಡು ಮಾಡಬೇಕು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ನ ಕೆಲಸಕ್ಕಾಗಿ ಬರೆದ ಗಿಟ್, ಕಮಿಟ್ ಮಾಡುವವರು (ಬದಲಾವಣೆಯನ್ನು ಇತಿಹಾಸದಲ್ಲಿ ದಾಖಲಿಸುವವರು) ತಮ್ಮ ಹೆಸರನ್ನು ತಾವೇ ಬರೆದುಕೊಳ್ಳಲು ಬಿಡುತ್ತದೆ. ಇಮೇಲ್‌ನಲ್ಲಿ ಬಂದ ಒಬ್ಬರ ಪ್ಯಾಚ್ (ಬದಲಾವಣೆಯ ತುಣುಕು) ಅನ್ನು ಇನ್ನೊಬ್ಬರು ಸೇರಿಸುವ ಆ ಪದ್ಧತಿಗೆ ಇದು ಸರಿಯಾಗಿಯೇ ಇದೆ. ಆದರೆ ಯಾರು ಬೇಕಾದರೂ ಯಾರ ಸಹಿ ಬೇಕಾದರೂ ಹಾಕಬಹುದಾದ ಹಾಜರಿ ಪುಸ್ತಕದಂತೆ, ಕಮಿಟ್‌ನಲ್ಲಿ ಕಾಣುವ ಹೆಸರು ಪುರಾವೆಯಾಗುವುದಿಲ್ಲ. ಪಾಸ್‌ವರ್ಡ್ ಬದಲು ಲಾಗಿನ್ ಆಗಲು ಬಳಸುವ ಎಲ್ಲರ ಎಸ್‌ಎಸ್‌ಎಚ್ ಕೀಲಿಗಳನ್ನೂ ಒಂದೇ ಖಾತೆಗೆ ಸುಮ್ಮನೆ ಸೇರಿಸಿದರೆ, ಗಿಟ್‌ನ ದೃಷ್ಟಿಯಲ್ಲಿ ಬಂದವರೆಲ್ಲರೂ ಆ ಒಂದೇ ಖಾತೆಯವರು. ಪ್ರತಿಯೊಬ್ಬರಿಗೂ ಲಿನಕ್ಸ್ ಖಾತೆ ಕೊಟ್ಟು ಗುಂಪಿನ ಅನುಮತಿಯಿಂದ ನಡೆಸುವ ಕ್ರಮವೂ ಉಂಟು, ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಕೋಡ್ ಒಪ್ಪಿಸಲು ಬರುವವರಿಗೆ ಸರ್ವರ್‌ನೊಳಗೆ ಓಡಾಡುವ ಅಗತ್ಯವಿಲ್ಲ. 2011ರಲ್ಲಿ ಲಿನಕ್ಸ್ ಕರ್ನಲ್‌ನ ಕೋಡ್ ಇರುವ ಕರ್ನಲ್ ಡಾಟ್ ಆರ್ಗ್ ತಾಣಕ್ಕೆ ಅತಿಕ್ರಮಿಗಳು ನುಗ್ಗಿದ ಮೇಲೆ ಅಲ್ಲಿಯವರೂ ಡೆವಲಪರ್‌ಗಳಿಗೆ ಮೊದಲಿನಂತೆ ಶೆಲ್ ಖಾತೆ (ಸರ್ವರ್‌ನೊಳಗೆ ಆದೇಶಗಳನ್ನು ನಡೆಸಬಹುದಾದ ಖಾತೆ) ಕೊಡುವುದನ್ನು ಬಿಟ್ಟು, ಗಿಟ್‌ನ ಅನುಮತಿಗಳನ್ನು ನಿಭಾಯಿಸುವ ಗಿಟೋಲೈಟ್ ಎಂಬ ತಂತ್ರಾಂಶಕ್ಕೆ ಬದಲಾದರು.

ಸೀತಾರಾಂ ಚಾಮರ್ತಿ ಅವರು ಬರೆದ ಗಿಟೋಲೈಟ್ ಒಂದೇ ಖಾತೆಯ ಹಿಂದೆ ಕುಳಿತು, ಯಾವ ಕೀಲಿ ಯಾರದೆಂದು ಗುರುತಿಸಿ, ಪ್ರತಿ ಪುಷ್ ಅನ್ನೂ ನಿಯಮದೊಂದಿಗೆ ತಾಳೆ ನೋಡಿ ದಾಖಲಿಸುತ್ತದೆ. ವೆಬ್ ಪುಟ, ಬಟನ್ನುಗಳು ಬೇಕೆನ್ನುವವರು ಗಿಟೀಯ ಹಾಕಿಕೊಳ್ಳಲಿ. ಆರು ಮಂದಿಗಾಗಿ ಗಿಟ್‌ಲ್ಯಾಬ್‌ನಷ್ಟು ಭಾರದ್ದನ್ನು ಹೊತ್ತುಕೊಳ್ಳಬೇಡಿ. ಗಿಟೋಲೈಟ್ ಅಳವಡಿಸುವಾಗ ನಿರ್ವಾಹಕರ ಸಾರ್ವಜನಿಕ ಕೀಲಿಯನ್ನು (ಕೀಲಿಜೋಡಿಯಲ್ಲಿ ಇತರರಿಗೆ ಕೊಡಬಹುದಾದ ಭಾಗ) ಕೊಡಬೇಕು, ಆ ಕಡತದ ಹೆಸರೇ ಬಳಕೆದಾರರ ಹೆಸರಾಗುತ್ತದೆ. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಗಿಟ್ ಖಾತೆಗೆ ನೇರವಾಗಿ ಲಾಗಿನ್ ಆಗಲು ಬಳಸುತ್ತಿದ್ದ ಕೀಲಿಯನ್ನೇ ಗಿಟೋಲೈಟ್‌ಗೂ ಕೊಡುತ್ತಾರೆ. ಎಸ್‌ಎಸ್‌ಎಚ್ ಅಧಿಕೃತ ಕೀಲಿಗಳ ಕಡತದಲ್ಲಿ ತನಗೆ ಮೊದಲು ಸಿಕ್ಕ ಸಾಲನ್ನೇ ಹಿಡಿಯುವುದರಿಂದ ಗಿಟೋಲೈಟ್‌ನ ಸರದಿ ಬರುವುದೇ ಇಲ್ಲ. ಎರಡಕ್ಕೂ ಬೇರೆ ಬೇರೆ ಕೀಲಿ ಮಾಡಿಕೊಳ್ಳಿ. ಅಧಿಕೃತ ಕೀಲಿಗಳ ಕಡತದಲ್ಲಿ ಗಿಟೋಲೈಟ್ ಬರೆದ ಸಾಲುಗಳನ್ನು ಕೈಯಿಂದ ತಿದ್ದಲೂ ಹೋಗಬೇಡಿ. ಮುಂದಿನ ಬಾರಿ ಅದು ಆ ಭಾಗವನ್ನು ಪೂರ್ತಿ ಹೊಸದಾಗಿ ಬರೆಯುತ್ತದೆ, ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ.

ಇನ್ನು ಮೂರನೆಯ ಹಂತ, ನಿಯಮ ಬರೆಯುವುದು. ನಿಯಮಗಳೆಲ್ಲವೂ 'ಗಿಟೋಲೈಟ್-ಅಡ್ಮಿನ್' ಎಂಬ ರೆಪೊದಲ್ಲಿರುತ್ತವೆ. ಅದನ್ನು ನಿಮ್ಮ ಕಂಪ್ಯೂಟರಿಗೆ ಕ್ಲೋನ್ ಮಾಡಿ, ಅಂದರೆ ಪೂರ್ತಿ ಪ್ರತಿ ಇಳಿಸಿಕೊಂಡು, ತಿದ್ದಿ, ಪುಷ್ ಮಾಡಿದರೆ ಜಾರಿಗೆ ಬರುತ್ತವೆ. ಯಾರಿಗೆ ಯಾವಾಗ ಯಾವ ಅಧಿಕಾರ ಕೊಟ್ಟಿರಿ ಎಂಬುದಕ್ಕೂ ಹೀಗೆ ಇತಿಹಾಸ ಉಳಿಯುವುದೇ ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಸಂಗತಿ. 'ಆರ್' ಎಂದರೆ ಓದಬಹುದು, 'ಆರ್‌ಡಬ್ಲ್ಯೂ' ಎಂದರೆ ಪುಷ್ ಮಾಡಬಹುದು, ಅದರ ಮುಂದೆ '+' ಇದ್ದರೆ ಫೋರ್ಸ್ ಪುಷ್ ಮಾಡಿ ಹಳೆಯ ಇತಿಹಾಸವನ್ನೇ ಬದಲಿಸಬಹುದು, ಬರಿಯ '-' ಇದ್ದರೆ ನಿರಾಕರಣೆ. ನಿಯಮಗಳನ್ನು ಮೇಲಿನಿಂದ ಕೆಳಗೆ ಓದಿ, ಮೊದಲು ಹೊಂದಿದ ಸಾಲಿಗೇ ನಿಲ್ಲುವುದು ಗಿಟೋಲೈಟ್‌ನ ಕ್ರಮ. ಎಡವಟ್ಟೆಲ್ಲ ಆಗುವುದು ಇದನ್ನು ಮರೆತಾಗ. ಕಿರಿಯರ ಗುಂಪಿಗೆ ಬ್ರಾಂಚ್ (ಕೋಡ್‌ನ ಬೆಳವಣಿಗೆಯ ಒಂದು ಪ್ರತ್ಯೇಕ ಕವಲು) ಹೆಸರಿಸದೆ 'ಆರ್‌ಡಬ್ಲ್ಯೂ' ಕೊಟ್ಟು, ಅದರ ಕೆಳಗೆ ಮುಖ್ಯ ಬ್ರಾಂಚ್‌ಗೆ ನಿರಾಕರಣೆ ಬರೆದರೆ, ಮೊದಲ ಸಾಲಿನಲ್ಲೇ ಅನುಮತಿ ಸಿಕ್ಕಿಬಿಡುವುದರಿಂದ ಎರಡನೆಯದನ್ನು ಯಾರೂ ತಲುಪುವುದಿಲ್ಲ. ಸರಿಯಾದ ಕ್ರಮ ಹೀಗಿದೆ: ಮುಖ್ಯ ಬ್ರಾಂಚ್‌ಗೆ ಹಿರಿಯರಿಗೆ 'ಆರ್‌ಡಬ್ಲ್ಯೂ', ಅದರ ಕೆಳಗೆ ಅದೇ ಬ್ರಾಂಚ್‌ಗೆ ಎಲ್ಲರಿಗೂ ನಿರಾಕರಣೆ, ಅದರ ಕೆಳಗೆ ಉಳಿದ ಬ್ರಾಂಚ್‌ಗಳಿಗೆ ಎಲ್ಲರಿಗೂ 'ಆರ್‌ಡಬ್ಲ್ಯೂ+'. ಆಗ ಹಿರಿಯರು ಫೋರ್ಸ್ ಪುಷ್ ಮಾಡಲು ಹೋದರೂ ಮೊದಲ ಸಾಲು ಹೊಂದದೆ ಎರಡನೆಯ ಸಾಲಿನಲ್ಲಿ ತಡೆ ಬೀಳುತ್ತದೆ. ಮುಖ್ಯ ಬ್ರಾಂಚ್‌ನಲ್ಲಿ '+' ಯಾರಿಗೂ ಬೇಡ, ಸಂಸ್ಥೆಯ ಮಾಲೀಕರಿಗೂ ಬೇಡ.

ಬ್ರಾಂಚ್‌ನ ಹೆಸರನ್ನು ಬರೆಯುವುದರಲ್ಲೂ ಎರಡು ತೊಡಕುಗಳಿವೆ. ಗಿಟೋಲೈಟ್ ಹೆಸರಿನ ಆರಂಭವನ್ನು ಮಾತ್ರ ಹೊಂದಿಸುವುದರಿಂದ 'ಮಾಸ್ಟರ್' ಎಂದಷ್ಟೇ ಬರೆದರೆ 'ಮಾಸ್ಟರ್2' ಎಂಬ ಬ್ರಾಂಚ್ ಕೂಡ ಅದರೊಳಗೆ ಬರುತ್ತದೆ. ಹೆಸರಿನ ಕೊನೆಗೆ '$' ಚಿಹ್ನೆ ಹಾಕಿದರೆ ಹೆಸರು ಅಲ್ಲಿಗೇ ಮುಗಿಯುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. 2020ರ ಅಕ್ಟೋಬರ್‌ನಿಂದ ಕೋಡ್ ಇಡುವ ತಾಣವಾದ ಗಿಟ್‌ಹಬ್ ಹೊಸ ರೆಪೊಗಳ ಮೊದಲ ಬ್ರಾಂಚ್‌ಗೆ 'ಮೇನ್' ಎಂದು ಹೆಸರಿಡುತ್ತಿದೆ. ಅಲ್ಲಿಂದ ತಂದ ರೆಪೊಗೆ ಹಳೆಯ ರೂಢಿಯಂತೆ 'ಮಾಸ್ಟರ್' ಎಂದು ನಿಯಮ ಬರೆದು ನಿಶ್ಚಿಂತರಾದವರು, ಇಲ್ಲದ ಬ್ರಾಂಚ್ ಅನ್ನು ಕಾಯುತ್ತಿರುತ್ತಾರೆ. ಆದ್ದರಿಂದ ನಿಯಮ ಬರೆದ ದಿನವೇ ಕಿರಿಯ ಸಹೋದ್ಯೋಗಿಯೊಬ್ಬರನ್ನು ಕೂರಿಸಿ, ಮುಖ್ಯ ಬ್ರಾಂಚ್‌ಗೆ ಪುಷ್ ಮಾಡಲು ಹೇಳಿ, 'ಡಿನೈಡ್' ಎಂಬ ಉತ್ತರ ಪರದೆಯ ಮೇಲೆ ಬರುವುದನ್ನು ಕಣ್ಣಾರೆ ನೋಡಿ.

ಪ್ರತಿ ಕಮಿಟ್‌ನ ಸಂದೇಶದಲ್ಲಿ ಕೆಲಸದ ಟಿಕೆಟ್ ಸಂಖ್ಯೆ ಇರಲೇಬೇಕೆಂಬ ಕಟ್ಟುಪಾಡನ್ನು ಸರ್ವರ್‌ನ ಹುಕ್‌ನಲ್ಲೇ (ಪುಷ್‌ನಂಥ ಕೆಲಸದ ಹೊತ್ತಿಗೆ ತಾನಾಗಿ ಓಡುವ ಸ್ಕ್ರಿಪ್ಟ್) ಇಡಿ. ಡೆವಲಪರ್‌ಗಳ ಕಂಪ್ಯೂಟರಿನಲ್ಲಿರುವ ಹುಕ್‌ಗಳು ಕ್ಲೋನ್ ಜೊತೆ ಬರುವುದಿಲ್ಲ, ಬಂದರೂ ಒಂದು ಆಯ್ಕೆ ಕೊಟ್ಟು ಅವುಗಳನ್ನು ದಾಟಿ ಹೋಗಬಹುದು. ಸರ್ವರ್‌ನಲ್ಲಿ 'ಅಪ್‌ಡೇಟ್' ಎಂಬ ಹುಕ್ ಗಿಟೋಲೈಟ್‌ನದು, ಅದರ ಮೇಲೆ ನಿಮ್ಮದನ್ನು ಬರೆದರೆ ಇಷ್ಟು ಹೊತ್ತು ಮಾಡಿದ ನಿಯಮಗಳೆಲ್ಲ ಹೋದಂತೆ. 'ಪ್ರಿ-ರಿಸೀವ್' ಬಳಸಿ. ಡೇಟಾಬೇಸ್ ಪಾಸ್‌ವರ್ಡ್ ಇರುವ ಕಡತವನ್ನು ಯಾರಾದರೂ ಪುಷ್ ಮಾಡಿಬಿಟ್ಟರೆ, ಮುಂದಿನ ಕಮಿಟ್‌ನಲ್ಲಿ ಅದನ್ನು ತೆಗೆದು ಸುಮ್ಮನಾಗಬೇಡಿ, ಅದು ಇತಿಹಾಸದಲ್ಲಿ ಉಳಿದೇ ಇರುತ್ತದೆ. ಮೊದಲು ಪಾಸ್‌ವರ್ಡ್ ಬದಲಿಸಿ, ಇತಿಹಾಸ ಶುಚಿ ಮಾಡುವ ಕೆಲಸ ಆಮೇಲೆ.

ಬ್ಯಾಕಪ್‌ಗೆ ಬೇರೊಂದು ಯಂತ್ರದಲ್ಲಿ ಪ್ರತಿ ರೆಪೊದ ಮಿರರ್ ಕ್ಲೋನ್ (ಎಲ್ಲ ಬ್ರಾಂಚ್‌ಗಳೂ ಇರುವ ಯಥಾಪ್ರತಿ) ಇಟ್ಟು ಪ್ರತಿ ರಾತ್ರಿ ನವೀಕರಿಸಿ. ಮಿರರ್ ಎಂದರೆ ಇಲ್ಲಿ ಅಳಿದದ್ದು ಅಲ್ಲಿಯೂ ಅಳಿಯಬಹುದು, ಆದ್ದರಿಂದ ವಾರಕ್ಕೊಮ್ಮೆ ದಿನಾಂಕ ಹಾಕಿದ ಬಂಡಲ್ ಕಡತವನ್ನೂ (ಇಡೀ ರೆಪೊ ಒಂದೇ ಕಡತದಲ್ಲಿ) ಮಾಡಿಡಿ. ತಿಂಗಳಿಗೊಮ್ಮೆ ಆ ಬಂಡಲ್‌ನಿಂದ ಕ್ಲೋನ್ ಮಾಡಿ, ಪ್ರೋಗ್ರಾಂ ಬಿಲ್ಡ್ ಆಗುತ್ತದೆಯೇ ನೋಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಡೇಟಾಬೇಸ್ ಕೈತಪ್ಪಿ ಅಳಿದಾಗ, ಹಲವು ಬಗೆಯ ಬ್ಯಾಕಪ್‌ಗಳಿದ್ದೂ ಹೆಚ್ಚಿನವು ಉಪಯೋಗಕ್ಕೆ ಬರಲಿಲ್ಲ. ಸುಮಾರು ಆರು ಗಂಟೆ ಹಿಂದಿನ ಒಂದು ಪ್ರತಿ ಅದೃಷ್ಟಕ್ಕೆ ಸಿಕ್ಕಿತು.

ಯಾರಾದರೂ ಕೆಲಸ ಬಿಟ್ಟರೆ ಅಡ್ಮಿನ್ ರೆಪೊದಿಂದ ಅವರ ಕೀಲಿ ಕಡತವನ್ನು ತೆಗೆದು ಪುಷ್ ಮಾಡಿದರೆ ಸಾಕು. ಲ್ಯಾಪ್‌ಟಾಪ್‌ಗೊಂದು, ಮನೆಯ ಕಂಪ್ಯೂಟರಿಗೊಂದು ಎಂದು ಎರಡು ಕೀಲಿ ಕೊಟ್ಟಿದ್ದರೆ ಎರಡನ್ನೂ ತೆಗೆಯಬೇಕು.

ಕೊನೆಯದಾಗಿ, ಗಿಟ್ ಖಾತೆಯಲ್ಲಿ ರೆಫ್‌ಲಾಗ್ ಅನ್ನು (ಪ್ರತಿ ಬ್ರಾಂಚ್ ಹಿಂದೆ ಯಾವ ಕಮಿಟ್‌ನಲ್ಲಿತ್ತು ಎಂಬ ದಾಖಲೆ) ಈಗಲೇ ಚಾಲೂ ಮಾಡಿಡಿ. ಸರ್ವರ್‌ನಲ್ಲಿರುವ ಬೇರ್ ರೆಪೊಗಳಲ್ಲಿ (ತಿದ್ದುವ ಕಡತಗಳಿಲ್ಲದೆ ಇತಿಹಾಸ ಮಾತ್ರ ಇರುವವು) ಅದು ತಾನಾಗಿ ಇರುವುದಿಲ್ಲ. ಅದಿಲ್ಲದಿದ್ದರೆ, ಫೋರ್ಸ್ ಪುಷ್‌ನಿಂದ ಅನಾಥವಾದ ಕಮಿಟ್‌ಗಳನ್ನು ಗಿಟ್ ತನ್ನ ಸ್ವಚ್ಛತೆಯ ಸರದಿಯಲ್ಲಿ ಸಾಮಾನ್ಯವಾಗಿ ಎರಡು ವಾರಗಳ ನಂತರ ಅಳಿಸಿಬಿಡುತ್ತದೆ. ಅಷ್ಟರೊಳಗೆ ಗೊತ್ತಾದರೆ, ಗಿಟೋಲೈಟ್‌ನ ತಿಂಗಳ ಲಾಗ್ ಕಡತದಲ್ಲಿ ಪುಷ್ ಮಾಡಿದವರ ಹೆಸರಿನ ಜೊತೆಗೇ ಬ್ರಾಂಚ್‌ನ ಹಿಂದಿನ ಕಮಿಟ್ ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆಯಿಂದ ಹೊಸ ಬ್ರಾಂಚ್ ತೆರೆದರೆ ಹೋದ ಕೆಲಸ ಮರಳಿ ಸಿಗುತ್ತದೆ.