ಗೂಗಲ್ ಫೋಟೋಸ್‌ನಿಂದ ಹಾರ್ಡ್‌ಡಿಸ್ಕ್‌ಗೆ: ಅಳಿಸುವ ಮೊದಲು ಇಷ್ಟು ಮಾಡಿ

ಹೋದ ಮಳೆಗಾಲದಲ್ಲಿ ಸಾಗರದ ನಮ್ಮ ಭಾವ ಫೋನ್ ಮಾಡಿದರು. ‘ಸ್ಟೋರೇಜ್ ಫುಲ್’ ಎಂಬ ಸಂದೇಶ ದಿನಾ ಬರುತ್ತಿತ್ತಂತೆ. ಬೇಸತ್ತು ಹತ್ತು ವರ್ಷದ ಫೋಟೊಗಳನ್ನೆಲ್ಲ ತಾವೇ ಹಾರ್ಡ್‌ಡಿಸ್ಕ್‌ಗೆ ಇಳಿಸಿಕೊಂಡು, ಮರುದಿನವೇ ಗೂಗಲ್‌ನಲ್ಲಿದ್ದದ್ದನ್ನು ಅಳಿಸಿಬಿಟ್ಟಿದ್ದರು. ವಾರ ಬಿಟ್ಟು ನೋಡಿದರೆ ಹದಿನೆಂಟು ಜಿಪ್ ಫೈಲುಗಳಲ್ಲಿ (ಹಲವು ಫೈಲುಗಳನ್ನು ಒಂದಾಗಿ ಕಟ್ಟಿದ ಗಂಟು) ಎರಡು ಅರ್ಧಕ್ಕೇ ನಿಂತಿದ್ದವು. ಉಳಿದವನ್ನು ಬಿಚ್ಚಿದರೆ ಮಗಳ ನಾಮಕರಣ, ಅತ್ತೆಯ ಷಷ್ಟ್ಯಬ್ದಿ, ಮೊನ್ನೆಯ ಅಡಿಕೆ ಕೊಯ್ಲು ಎಲ್ಲಕ್ಕೂ ಒಂದೇ ತಾರೀಖು. ಅಳಿಸಿದ್ದು 60 ದಿನ ಟ್ರ್ಯಾಶ್‌ನಲ್ಲಿ ಉಳಿಯುತ್ತದೆ, ಅದರಿಂದ ಎಲ್ಲ ವಾಪಸು ಬಂತು. ಇನ್ನೆರಡು ತಿಂಗಳು ಕಳೆದು ಫೋನ್ ಮಾಡಿದ್ದರೆ ನಾನೇನೂ ಮಾಡುವ ಹಾಗಿರಲಿಲ್ಲ.

ಇದು ಅವರೊಬ್ಬರ ಕತೆಯಲ್ಲ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಹೊಸ ಫೋಟೊಗಳನ್ನೂ 15 ಜಿಬಿಯ ಉಚಿತ ಜಾಗದ ಲೆಕ್ಕಕ್ಕೆ ಸೇರಿಸಿತು. ಜಿಮೇಲ್, ಡ್ರೈವ್ ಎಲ್ಲದಕ್ಕೂ ಇರುವುದು ಅದೇ 15 ಜಿಬಿ. ಅಲ್ಲಿಂದೀಚೆಗೆ ನೆಂಟರಿಷ್ಟರಲ್ಲಿ ಒಬ್ಬರಲ್ಲ ಒಬ್ಬರು ಇದನ್ನೇ ಕೇಳುತ್ತಾರೆ, ಮಾಡುವ ತಪ್ಪೂ ಹೆಚ್ಚುಕಡಿಮೆ ಒಂದೇ.

ಹಂತ 1: ಡಿಸ್ಕ್

ಫೋಟೊಗಳ ಒಟ್ಟು ಗಾತ್ರದ ಮೂರು ಪಟ್ಟು ಜಾಗವಿರುವ ಡಿಸ್ಕ್ ಕೊಳ್ಳಿ. ಜಿಪ್‌ಗೆ ಒಂದು ಪಾಲು, ಬಿಚ್ಚಿದ್ದಕ್ಕೆ ಒಂದು ಪಾಲು, ಮುಂದಿನ ವರ್ಷಗಳಿಗೆ ಉಳಿದದ್ದು. 1 ಟಿಬಿ ಎಂದು ಬರೆದ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ತೋರಿಸಿದರೆ ಅಂಗಡಿಯವರ ಜೊತೆ ಜಗಳ ಬೇಡ. ತಯಾರಕರು ಎಣಿಸುವುದು ಸಾವಿರದ ಲೆಕ್ಕದಲ್ಲಿ, ವಿಂಡೋಸ್ ಎಣಿಸುವುದು 1024ರ ಲೆಕ್ಕದಲ್ಲಿ.

ನಿಜವಾದ ಮೋಸ ಇರುವುದು ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ ಸಿಗುವ ‘2 ಟಿಬಿ ಪೆನ್‌ಡ್ರೈವ್’ನಲ್ಲಿ. ಒಳಗೆ ಸಣ್ಣ ಚಿಪ್ ಹಾಕಿ, ಕಂಪ್ಯೂಟರ್‌ಗೆ ಮಾತ್ರ 2 ಟಿಬಿ ಎಂದು ಸುಳ್ಳು ಹೇಳಿಸಿರುತ್ತಾರೆ. ತುಂಬಿದ ಮೇಲೂ ಕಾಪಿ ಆಗುತ್ತಲೇ ಇರುತ್ತದೆ, ಫೈಲಿನ ಹೆಸರುಗಳೂ ಕಾಣುತ್ತವೆ, ತೆರೆಯಲು ಹೋದರೆ ಏನೂ ಇಲ್ಲ. ಅನುಮಾನ ಬಂದರೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ.

ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ನ ಡಿಸ್ಕ್) ಕೊಳ್ಳಲೇ ಎಂದು ಕೇಳುತ್ತಾರೆ. ಬೀರುವಿನಲ್ಲಿ ಇಡುವುದಕ್ಕೆ ಬೇಡ. ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಅದರಲ್ಲಿನ ಚಾರ್ಜ್ ನಿಧಾನವಾಗಿ ಸೋರುತ್ತದೆ. ತಿರುಗುವ ಹಳೆಯ ಮಾದರಿಯ ಹಾರ್ಡ್‌ಡಿಸ್ಕೇ ಅಗ್ಗ, ಇದಕ್ಕೆ ಅದೇ ಸರಿ. ಕೈಜಾರಿ ಕೆಳಗೆ ಬೀಳಿಸಬೇಡಿ, ಅಷ್ಟೇ.

ಫಾರ್ಮ್ಯಾಟ್, ಅಂದರೆ ಡಿಸ್ಕ್ ಫೈಲುಗಳನ್ನು ಜೋಡಿಸಿಡುವ ಪದ್ಧತಿ, ಅದರ ಬಗ್ಗೆ ಎರಡು ಮಾತು. ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ, ಬದಲಿಸಿ. ಮನೆಯಲ್ಲಿ ಬರೀ ವಿಂಡೋಸ್ ಇದ್ದರೆ ಎನ್‌ಟಿಎಫ್‌ಎಸ್, ಮ್ಯಾಕ್ ಕೂಡ ಇದ್ದರೆ ಎಕ್ಸ್‌ಫ್ಯಾಟ್. ನನ್ನ ಆಯ್ಕೆ ಎನ್‌ಟಿಎಫ್‌ಎಸ್. ಕಾಪಿ ನಡೆಯುವಾಗ ಯಾರಾದರೂ ಕೇಬಲ್ ಕಿತ್ತರೂ ಅದು ಸ್ವಲ್ಪ ಸುಧಾರಿಸಿಕೊಳ್ಳುತ್ತದೆ, ಎಕ್ಸ್‌ಫ್ಯಾಟ್‌ಗೆ ಆ ಶಕ್ತಿ ಕಡಿಮೆ. ಜೊತೆಗೆ ಇಂಥ ಡಿಸ್ಕ್‌ನಲ್ಲಿ ಎಕ್ಸ್‌ಫ್ಯಾಟ್ ಸಾಮಾನ್ಯವಾಗಿ ಪ್ರತಿ ಫೈಲಿಗೂ ಕನಿಷ್ಠ 128 ಕೆಬಿ ಜಾಗ ಹಿಡಿಯುತ್ತದೆ. ಮುಂದೆ ಹೇಳುವ ಪುಟಾಣಿ ಜೇಸನ್ ಫೈಲುಗಳು ನಲವತ್ತು ಸಾವಿರ ಇದ್ದರೆ ಅವಕ್ಕೇ ಸುಮಾರು 5 ಜಿಬಿ ಹೋಯಿತು.

ಹಂತ 2: ಟೇಕೌಟ್‌ನಲ್ಲಿ ಕೇಳುವುದು

ಬ್ರೌಸರ್‌ನಲ್ಲಿ ಗೂಗಲ್ ಟೇಕೌಟ್ ತೆರೆಯಿರಿ, ಖಾತೆಯಲ್ಲಿರುವುದನ್ನು ಇಳಿಸಿಕೊಳ್ಳಲು ಗೂಗಲ್ಲೇ ಕೊಟ್ಟಿರುವ ಪುಟ ಅದು. ಸೈಬರ್ ಸೆಂಟರ್‌ನಲ್ಲಿ ಕೂತು ಈ ಕೆಲಸ ಖಂಡಿತ ಬೇಡ. ಮೊದಲು ‘ಡಿಸೆಲೆಕ್ಟ್ ಆಲ್’ ಒತ್ತಿ, ಆಮೇಲೆ ಗೂಗಲ್ ಫೋಟೋಸ್ ಒಂದಕ್ಕೇ ಟಿಕ್ ಹಾಕಿ. ಇದನ್ನು ಮರೆತರೆ ಹಳೆಯ ಜಿಮೇಲ್, ಯೂಟ್ಯೂಬ್ ಇತಿಹಾಸ ಎಲ್ಲ ಸೇರಿ ಬರುತ್ತದೆ.

ಅದರ ಕೆಳಗೇ ಆಲ್ಬಮ್‌ಗಳ ಪಟ್ಟಿಯ ಗುಂಡಿ ಇದೆ. ಒತ್ತಿದರೆ ‘ಫೋಟೋಸ್ ಫ್ರಮ್ 2016’, ‘ಫೋಟೋಸ್ ಫ್ರಮ್ 2017’ ಎಂದು ವರ್ಷಗಳು, ಅವುಗಳ ಜೊತೆ ನೀವು ಮಾಡಿಟ್ಟ ಆಲ್ಬಮ್‌ಗಳು ಕಾಣುತ್ತವೆ. ಆಲ್ಬಮ್‌ನಲ್ಲಿರುವ ಫೋಟೊ ವರ್ಷದ ಫೋಲ್ಡರ್‌ನಲ್ಲೂ ಇರುತ್ತದೆ, ಹಾಗಾಗಿ ಎರಡೂ ಬೇಕೆಂದರೆ ಎರಡೆರಡು ಪ್ರತಿ. ಶ್ರಮಪಟ್ಟು ಜೋಡಿಸಿದ ಮದುವೆ ಆಲ್ಬಮ್ ಇದ್ದರೆ ಇರಲಿ, ಮಿಕ್ಕವನ್ನು ಬಿಡಿ. ಹತ್ತೂ ವರ್ಷವನ್ನು ಒಂದೇ ಸಲ ಕೇಳಬೇಡಿ. ಮೂರು ಮೂರು ವರ್ಷದಂತೆ ಕೇಳಿ, ಒಂದು ಮುಗಿಸಿ ಇನ್ನೊಂದು.

ಮುಂದಿನ ಪುಟದಲ್ಲಿ ಎಲ್ಲಿಗೆ ಕಳಿಸಲಿ ಎಂದು ಕೇಳುತ್ತದೆ. ಇಮೇಲ್‌ನಲ್ಲಿ ಲಿಂಕ್ ಎಂಬುದನ್ನೇ ಆರಿಸಿ. ‘ಆ್ಯಡ್ ಟು ಡ್ರೈವ್’ ಒತ್ತಿದವರನ್ನು ಕಂಡಿದ್ದೇನೆ. ತುಂಬಿದ ಕೊಡ ಖಾಲಿ ಮಾಡಲು ಹೊರಟು ಅದೇ ಕೊಡಕ್ಕೆ ಮತ್ತೆ ನೀರು ಸುರಿದ ಹಾಗೆ, ಆ ಜಿಪ್‌ಗಳೂ ಅದೇ 15 ಜಿಬಿಯಲ್ಲೇ ಜಾಗ ಕೇಳುತ್ತವೆ.

ಫೈಲಿನ ಗಾತ್ರಕ್ಕೆ 1, 2, 4, 10, 50 ಜಿಬಿ ಎಂಬ ಆಯ್ಕೆಗಳಿವೆ. 10 ಆರಿಸಿ. 50 ಆರಿಸಿದರೆ ಒತ್ತುವ ಲಿಂಕ್ ಕಡಿಮೆ ನಿಜ, ಆದರೆ 48 ಜಿಬಿ ಇಳಿದ ಮೇಲೆ ಕರೆಂಟ್ ಹೋದಾಗ ಗೊತ್ತಾಗುತ್ತದೆ. ವಿಧ ‘ಜಿಪ್’ ಇರಲಿ.

ಹಂತ 3: ಇಳಿಸಿಕೊಳ್ಳುವುದು

ಲಿಂಕ್ ಬರಲು ಕೆಲವು ಗಂಟೆಯೂ ಹಿಡಿಯಬಹುದು, ಎರಡು ಮೂರು ದಿನವೂ ಹಿಡಿಯಬಹುದು. ಬಂದ ಮೇಲೆ ಸುಮಾರು ಒಂದು ವಾರ ಮಾತ್ರ ಅದು ಜೀವಂತ. ಊರಿನ ಜಾತ್ರೆಗೆ ಹೊರಡುವ ಹಿಂದಿನ ದಿನ ಕೇಳಬೇಡಿ. 50 ಎಂಬಿಪಿಎಸ್ ವೇಗ ನಿಜವಾಗಿ ಸಿಕ್ಕರೆ 180 ಜಿಬಿಗೆ ಎಂಟು ಗಂಟೆ ಲೆಕ್ಕ, ನಮ್ಮ ಕಡೆ ಎರಡು ರಾತ್ರಿ ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ನಿದ್ದೆಗೆ ಹೋಗದ ಹಾಗೆ ಸೆಟ್ಟಿಂಗ್ ಬದಲಿಸಿ, ಮುಚ್ಚಳ ಮುಚ್ಚಬೇಡಿ. ನಡುನಡುವೆ ಗೂಗಲ್ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಹದಿನೆಂಟೂ ಲಿಂಕ್ ಒಟ್ಟಿಗೆ ಒತ್ತಿ ಮಲಗಿದವರಿಗೆ ಬೆಳಿಗ್ಗೆ ಸಿಗುವುದು ಅರ್ಧಂಬರ್ಧ ಫೈಲುಗಳು. ಎರಡೆರಡೇ ಒತ್ತಿ, ಇಳಿದದ್ದಕ್ಕೆ ಕಾಗದದ ಮೇಲೆ ಗುರುತು ಹಾಕಿ. ಒಂದೇ ಫೈಲನ್ನು ಮತ್ತೆ ಮತ್ತೆ ಇಳಿಸಲೂ ಮಿತಿ ಇದೆ.

ಹಂತ 4: ಬಿಚ್ಚುವುದು, ತಾರೀಖು ಸರಿಪಡಿಸುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಜಿಪ್‌ಗಳನ್ನು ಒಂದೊಂದಾಗಿ ಬೇರೆ ಬೇರೆ ಫೋಲ್ಡರ್‌ಗೆ ಬಿಚ್ಚಬೇಡಿ. 7-ಜಿಪ್ ಎಂಬ ತಂತ್ರಾಂಶ ಹಾಕಿಕೊಂಡು 001ರಿಂದ ಕೊನೆಯವರೆಗೆ ಎಲ್ಲವನ್ನೂ ಒಟ್ಟಿಗೆ ಆರಿಸಿ, ಒಂದೇ ಫೋಲ್ಡರ್‌ಗೆ ಬಿಚ್ಚಿ. ಬಿಚ್ಚುವ ಮೊದಲು ಅದರಲ್ಲೇ ‘ಟೆಸ್ಟ್ ಆರ್ಕೈವ್’ ಒತ್ತಿ, ಅರ್ಧಕ್ಕೆ ನಿಂತ ಫೈಲು ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಫೋಲ್ಡರ್ ಡ್ರೈವಿನ ಮೊದಲ ಮೆಟ್ಟಿಲಲ್ಲೇ ಇರಲಿ, ಹೆಸರು ಚಿಕ್ಕದಿರಲಿ. ಫೋಲ್ಡರ್ ಒಳಗೆ ಫೋಲ್ಡರ್ ಆಗಿ ದಾರಿ 260 ಅಕ್ಷರ ದಾಟಿದರೆ ವಿಂಡೋಸ್ ಮುನಿಸಿಕೊಳ್ಳುತ್ತದೆ.

ಒಟ್ಟಿಗೇ ಯಾಕೆ? ಟೇಕೌಟ್ ಪ್ರತಿ ಫೋಟೊದ ಜೊತೆ ಒಂದು ಜೇಸನ್ ಫೈಲು ಕೊಡುತ್ತದೆ, ಫೋಟೊದ ಜಾತಕ ಎನ್ನಿ. ತೆಗೆದ ಸಮಯ, ಜಾಗ, ನೀವು ಬರೆದ ವಿವರಣೆ ಅದರಲ್ಲಿರುತ್ತದೆ. ಫೋಟೊ 004ರಲ್ಲಿದ್ದು ಅದರ ಜಾತಕ 005ರಲ್ಲಿ ಇರುವುದು ಮಾಮೂಲು. ಬೇರೆ ಬೇರೆ ಬಿಚ್ಚಿದರೆ ಎರಡೂ ಸೇರುವುದೇ ಇಲ್ಲ. ‘ಇದೇನೋ ಕಸ’ ಎಂದು ಜೇಸನ್‌ಗಳನ್ನೆಲ್ಲ ಅಳಿಸಿ ಕೂತವರನ್ನೂ ನೋಡಿದ್ದೇನೆ.

ಕ್ಯಾಮೆರಾದಿಂದ ತೆಗೆದ ಫೋಟೊಗಳಿಗೆ ತೊಂದರೆ ಕಡಿಮೆ, ತಾರೀಖು ಫೋಟೊದೊಳಗೇ ಇರುತ್ತದೆ. ಪೇಚು ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದರಲ್ಲಿ, ಸ್ಕ್ರೀನ್‌ಶಾಟ್‌ಗಳಲ್ಲಿ, ಸ್ಕ್ಯಾನ್ ಮಾಡಿ ಕೈಯಾರೆ ತಾರೀಖು ಹಾಕಿದ ಅಜ್ಜನ ಕಾಲದ ಫೋಟೊಗಳಲ್ಲಿ. ಅವುಗಳ ಸಮಯ ಜೇಸನ್‌ನಲ್ಲಿ ಮಾತ್ರ. ಫೈಲಿನ ಮೇಲೆ ಕಾಣುವುದು ಎಕ್ಸ್‌ಪೋರ್ಟ್ ಆದ ದಿನ. ವಾಟ್ಸ್‌ಆ್ಯಪ್ ಫೋಟೊದ ಹೆಸರಿನಲ್ಲೇ 20190412 ಎಂಬಂತೆ ದಿನ ಇರುವುದುಂಟು, ಆದರೆ ಅದು ಫೋಟೊ ನಿಮಗೆ ಬಂದ ದಿನ, ತೆಗೆದ ದಿನವಲ್ಲ.

ಈ ಜಾತಕವನ್ನು ಫೋಟೊದೊಳಗೆ ಸೇರಿಸಲು ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಇದೆ. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕು, ಅಂಜಿಕೆಯಾದರೆ ಬಲ್ಲ ಹುಡುಗರನ್ನು ಕೂರಿಸಿಕೊಳ್ಳಿ. ಟೇಕೌಟ್‌ಗೆಂದೇ ಮಾಡಿದ ಉಚಿತ ಸಲಕರಣೆಗಳೂ ಇವೆ, ಹೊಸ ಆವೃತ್ತಿಯನ್ನೇ ಹಾಕಿಕೊಳ್ಳಿ. ಮೊದಲು ಜೇಸನ್‌ಗೆ ಫೋಟೊದ ಹೆಸರೇ ಇರುತ್ತಿತ್ತು, ಈಗ ನಡುವೆ ‘ಸಪ್ಲಿಮೆಂಟಲ್ ಮೆಟಾಡೇಟಾ’ ಎಂಬ ಬಾಲ ಸೇರಿದೆ, ಹೆಸರು ಉದ್ದವಾದರೆ ಆ ಬಾಲವೂ ಅರ್ಧಕ್ಕೆ ತುಂಡಾಗಿರುತ್ತದೆ. ಹಳೆಯ ಸಲಕರಣೆಗಳಿಗೆ ಇದು ಗೊತ್ತಿಲ್ಲ. ಒಂದೇ ಹೆಸರಿನ ಎರಡು ಫೋಟೊ ಇದ್ದಾಗ ಬರುವ ‘(1)’ ಫೋಟೊದಲ್ಲಿ ಒಂದು ಕಡೆ, ಜೇಸನ್‌ನಲ್ಲಿ ಇನ್ನೊಂದು ಕಡೆ ಕೂತಿರುವುದೂ ಉಂಟು. ದುಡ್ಡು ಕೇಳುವ ತಂತ್ರಾಂಶಗಳು ಬೇಡ. ಮೊದಲ ನೂರು ಫೋಟೊ ಪುಕ್ಕಟೆ ಮಾಡಿ, ಆಮೇಲೆ ಡಾಲರ್ ಲೆಕ್ಕ ತೆಗೆಯುತ್ತವೆ.

ಇನ್ನೊಂದು ಸೂಕ್ಷ್ಮ. ಜೇಸನ್‌ನಲ್ಲಿರುವ ಸಮಯ ಯುಟಿಸಿ ಎಂಬ ಜಾಗತಿಕ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ಭಾವನ ಗೃಹಪ್ರವೇಶ ಬೆಳಗಿನ ಜಾವ 4.50ಕ್ಕೆ. ಹಾಗೇ ಸೇರಿಸಿದ್ದಕ್ಕೆ ಗೋವು ಹೊಸಿಲು ದಾಟುವ ಚಿತ್ರ ಹಿಂದಿನ ದಿನ ರಾತ್ರಿ 11.20 ಎಂದು ಕೂತಿತ್ತು. ಸಲಕರಣೆಯಲ್ಲಿ ಭಾರತದ ಸಮಯ ಹೊಂದಿಸಿ, ಮೊದಲು ಇಪ್ಪತ್ತು ಫೋಟೊಗಳ ಮೇಲೆ ಪ್ರಯೋಗಿಸಿ, ಮುಹೂರ್ತ ನೆನಪಿರುವ ಒಂದು ಫೋಟೊ ತೆರೆದು ತಾಳೆ ನೋಡಿ. ಮೂಲ ಜಿಪ್‌ಗಳನ್ನು ಮುಟ್ಟಬೇಡಿ.

ಹಂತ 5: ಪರಿಶೀಲನೆ

ಪ್ರತಿ ವರ್ಷದ ಫೋಲ್ಡರ್‌ನಿಂದ ಹತ್ತು ಫೋಟೊ ತೆರೆಯಿರಿ. ಒಂದು ಉದ್ದದ ವಿಡಿಯೊವನ್ನು ಕೊನೆಯವರೆಗೆ ಓಡಿಸಿ, ಶುರುವಿನ ಹತ್ತು ಸೆಕೆಂಡ್ ನೋಡಿ ಬಿಡಬೇಡಿ.

ಹಂತ 6: ಎರಡನೆಯ ಡಿಸ್ಕ್

ಅದೇ ಗಾತ್ರದ ಇನ್ನೊಂದು ಡಿಸ್ಕ್‌ಗೆ ಎಲ್ಲವನ್ನೂ ಕಾಪಿ ಮಾಡಿ, ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಿ. ಮಲೆನಾಡಿನವರಾದರೆ ಬಿಗಿ ಮುಚ್ಚಳದ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ನಾನು ಆಯುಧಪೂಜೆಯ ದಿನ ಎರಡನ್ನೂ ತೆಗೆದು ಒಮ್ಮೆ ಓಡಿಸುತ್ತೇನೆ, ಕುಂಕುಮವನ್ನು ಡಬ್ಬಿಗೆ ಮಾತ್ರ ಹಚ್ಚುತ್ತೇನೆ.

ಹಂತ 7: ಅಳಿಸುವುದು

ಎರಡು ಪ್ರತಿ ಆದ ಮೇಲೂ ಒಂದು ತಿಂಗಳು ಬಿಡಿ. ಆಮೇಲೆ ಒಂದೊಂದೇ ವರ್ಷದ್ದು ತೆಗೆಯಿರಿ. ಫೋನಿನ ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಅಳಿಸಿದರೆ ಫೋನಿನಲ್ಲಿರುವ ಪ್ರತಿಯೂ ಹೋಗುತ್ತದೆ, ನೆನಪಿರಲಿ. ಫೋಟೊಗಳಿಗೆ ಕೈ ಹಾಕುವ ಮೊದಲು ಸ್ಟೋರೇಜ್ ನಿರ್ವಹಣೆಯ ಪುಟಕ್ಕೆ ಹೋಗಿ ದೊಡ್ಡ ವಿಡಿಯೊಗಳ ಪಟ್ಟಿ ನೋಡಿ. ಭಾವನ ಖಾತೆಯಲ್ಲಿ ಇಡೀ ರಾತ್ರಿ ಕೂತು ಹಿಡಿದ ನಾಲ್ಕು ಯಕ್ಷಗಾನದ ವಿಡಿಯೊ ತೆಗೆದಾಗಲೇ ಆ ಸಂದೇಶ ಬರುವುದು ನಿಂತಿತು.