ಅಕ್ಟೋಬರ್‌ಫೆಸ್ಟ್ ಬಿಯರ್ ಮನೇಲಿ ರುಚಿ ನೋಡೋರಿಗೆ ಒಂದಿಷ್ಟು ಮಾತು

ಆಗಸ್ಟ್ ಕೊನೆ ಹೊತ್ತಿಗೆ ನಮ್ಮ ಮ್ಯೂನಿಕ್ ಕಡೆ ಯಾವ ಗೆಟ್ರೆಂಕೆಮಾರ್ಕ್ಟ್‌ಗೆ (ಕುಡಿಯೋ ಐಟಮ್‌ಗಳ ಅಂಗಡಿ) ಹೋದ್ರೂ ಅಕ್ಟೋಬರ್‌ಫೆಸ್ಟ್ ಬಿಯರ್ ಕ್ರೇಟುಗಳನ್ನ ಬಾಗಿಲಲ್ಲೇ ಪೇರಿಸಿ ಇಟ್ಟಿರ್ತಾರೆ. ಅಕ್ಟೋಬರ್‌ಫೆಸ್ಟ್ ಅಂದ್ರೆ ಈ ಊರಲ್ಲಿ ದೊಡ್ಡ ದೊಡ್ಡ ಟೆಂಟ್ ಹಾಕಿ ನಡೆಸೋ ಬಿಯರ್ ಜಾತ್ರೆ. ಹೊಸದಾಗಿ ಬಂದಿರೋ ನಮ್ಮ ಕನ್ನಡದ ಹುಡುಗ್ರು ಹುಡುಗೀರು ಒಂದೊಂದು ಕಂಪನೀದು ಒಂದೊಂದು ಬಾಟಲಿ ತಗೊಂಡು ಶನಿವಾರ ಯಾರದಾದ್ರೂ ಮನೇಲಿ ಸೇರಿ, ಖಾರಾ ಮಿಕ್ಸ್ಚರ್ ಪ್ಯಾಕೆಟ್ ಒಡೆದು ಕೂತು, ಆಮೇಲೆ ನನ್ನ ಹತ್ರ ಬಂದು "ಎಲ್ಲಾ ಒಂದೇ ಥರ ಇದೆ ಆಂಟಿ" ಅಂತಾರೆ. ಅನ್ಸದೆ ಇನ್ನೇನ್ರಪ್ಪಾ, ನಾಲಿಗೆ ಮೇಲೆ ಖಾರ ಕೂತಿದೆ, ಗ್ಲಾಸಲ್ಲಿ ಸೋಪು ಕೂತಿದೆ, ಬಿಯರ್ರೋ ಹಲ್ಲು ಜುಮ್ ಅನ್ನೋಷ್ಟು ತಣ್ಣಗಿದೆ. ನಾನು ಕುಡಿಯೋದು ಎರಡು ಗುಟುಕು ಅಷ್ಟೇ, ಆದ್ರೆ ಇಷ್ಟು ವರ್ಷ ಈ ಊರಲ್ಲಿ ಸಂಸಾರ ಮಾಡಿ ಬಂದವರಿಗೆಲ್ಲ ಬಡಿಸಿದೀನಿ, ಆ ಲೆಕ್ಕದಲ್ಲಿ ಹೇಳ್ತೀನಿ ಕೇಳಿ.

ಮೊದ್ಲು ತಂದಿದ್ದನ್ನ ಎರಡು ಗುಂಪು ಮಾಡ್ಕೊಳ್ಳಿ, ಇದೇ ಮುಖ್ಯ, ಇದನ್ನ ಯಾರೂ ಮಾಡಲ್ಲ. ಒಂದು ಮೆರ್ಟ್ಸನ್, ತಾಮ್ರದ ಬಣ್ಣ, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಘಮ ಜಾಸ್ತಿ. ಇನ್ನೊಂದು ಫೆಸ್ಟ್‌ಬಿಯರ್, ಹೊಂಬಣ್ಣ, ಬಾಯಿಗೆ ಹಗುರ, ಆದ್ರೆ ಅಮಲಿನಲ್ಲಿ ಏನೂ ಕಮ್ಮಿ ಇಲ್ಲ, ಸುಮಾರು ಎಲ್ಲಾನೂ ಶೇಕಡ 6ರ ಆಚೆ ಈಚೆ. ಫ್ರಿಜ್ ಇಲ್ಲದ ಕಾಲದಲ್ಲಿ ಬೇಸಿಗೇಲಿ ಬಿಯರ್ ಬ್ರೂ ಮಾಡಿದ್ರೆ ಕೆಟ್ಟು ಹೋಗ್ತಿತ್ತು, ಅದಕ್ಕೆ 1553ರಲ್ಲಿ ಬವೇರಿಯಾದಲ್ಲಿ, ಅಂದ್ರೆ ಮ್ಯೂನಿಕ್ ಇರೋ ಈ ಪ್ರಾಂತ್ಯದಲ್ಲಿ, ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬ್ರೂ ಮಾಡೋ ಹಾಗೇ ಇಲ್ಲ ಅಂತ ಕಾನೂನು ಬಂತು. ಹಾಗಾಗಿ ಮಾರ್ಚ್‌ನಲ್ಲೇ ಸ್ವಲ್ಪ ಸ್ಟ್ರಾಂಗ್ ಆಗಿ ಮಾಡಿ ತಣ್ಣಗಿರೋ ನೆಲಮಾಳಿಗೆಗೆ ಇಳಿಸಿ ಶರತ್ಕಾಲದ ತನಕ ಖರ್ಚು ಮಾಡೋರು, ಅದು ಮೆರ್ಟ್ಸನ್. 1872ರಲ್ಲಿ ಶಾಟೆನ್‌ಹಾಮೆಲ್ ಅಂತ ಟೆಂಟ್ ನಡೆಸ್ತಿದ್ದೋರಿಗೆ ಜಾತ್ರೆ ಟೈಮಲ್ಲಿ ಮಾಮೂಲಿ ಬಿಯರ್ ಖಾಲಿ ಆಗಿ ಈ ಥರದ ಸ್ಟ್ರಾಂಗ್ ಬಿಯರ್ ತರಿಸಿ ಮಾರಿದ್ರು, ರೇಟೂ ಜಾಸ್ತಿ, ಜನಾನೂ ಮುಗಿಬಿದ್ರು. ಅಲ್ಲಿಂದ ಅದೇ ಹಬ್ಬದ ಬಿಯರ್ ಆಯ್ತು. ಆಮೇಲೆ 1970ರ ದಶಕದಲ್ಲಿ ಪೌಲಾನರ್ ಅನ್ನೋ ಬಿಯರ್ ಕಂಪನಿಯವರು ಹೊಟ್ಟೆಗೆ ಭಾರ ಆಗದ ಹಾಗೆ ಹೊಂಬಣ್ಣದ್ದು ಮಾಡಿದ್ರು, ನನ್ನ ಕೇಳಿದ್ರೆ ಅದು ಲೀಟರ್‌ಗಟ್ಟಲೆ ಕುಡಿಸೋಕೆ ಅಂತಾನೇ ಮಾಡಿದ್ದು, ಈಗ ಟೆಂಟಲ್ಲಿ ಸಿಗೋದು ಹೆಚ್ಚುಕಮ್ಮಿ ಎಲ್ಲಾ ಅದೇ ಜಾತೀದು. ಈಗ ಇವೆರಡನ್ನ ಎದುರು ಬದುರು ಇಟ್ಟು ಯಾವ್ದು ಚೆನ್ನಾಗಿದೆ ಅಂತ ಕೇಳಿದ್ರೆ ಏನರ್ಥ, ಮೆರ್ಟ್ಸನ್‌ಗೆ ಮೆರ್ಟ್ಸನ್ ಹೋಲಿಸಿ, ಫೆಸ್ಟ್‌ಬಿಯರ್‌ಗೆ ಫೆಸ್ಟ್‌ಬಿಯರ್ ಹೋಲಿಸಿ.

ಲೇಬಲ್ ನೋಡಿದ್ರೆ ಗುಂಪು ಮಾಡೋದು ಕಷ್ಟ ಅಲ್ಲ. ಅಕ್ಟೋಬರ್‌ಫೆಸ್ಟ್ ಬಿಯರ್ ಅನ್ನೋ ಹೆಸರು ಯುರೋಪಲ್ಲಿ ಮ್ಯೂನಿಕ್ ಊರೊಳಗಿನ ಬ್ರೂವರಿಗಳಿಗೆ ಮಾತ್ರ, ಆಗಸ್ಟೀನರ್, ಹಾಕರ್ ಪ್ಷೋರ್, ಹೋಫ್‌ಬ್ರಾಯ್, ಲೋವನ್‌ಬ್ರಾಯ್, ಪೌಲಾನರ್, ಶ್ಪಾಟನ್, ಈ ಆರು. ಪಕ್ಕದ ಫ್ರೈಸಿಂಗ್‌ನ ವೈಹನ್‌ಸ್ಟೆಫಾನ್ ಬ್ರೂವರಿ ಎಷ್ಟೇ ಹಳೇದಾದ್ರೂ ಫೆಸ್ಟ್‌ಬಿಯರ್ ಅಂತ ಹಾಕ್ಕೋಬೇಕು. ಈ ಎರಡು ಹೆಸರಿದ್ರೂ ಒಳಗಿರೋದು ಹೆಚ್ಚಾಗಿ ಹೊಂಬಣ್ಣದ್ದೇ. ಮೆರ್ಟ್ಸನ್ ಬೇಕಂದ್ರೆ ಹಾಕರ್ ಪ್ಷೋರ್‌ದು ಹುಡುಕಿ, ಶೇಕಡ 5.8. ಬಾಂಬರ್ಗ್‌ನ ಶ್ಲೆಂಕರ್ಲಾದೂ ಮೆರ್ಟ್ಸನ್ನೇ, ಆದ್ರೆ ಮಾಲ್ಟನ್ನ ಬೀಚ್ ಸೌದೆ ಹೊಗೇಲಿ ಒಣಗಿಸಿರ್ತಾರೆ, ಅದನ್ನ ತಂದ್ರೆ ಎಲ್ಲಕ್ಕಿಂತ ಕೊನೇಲಿ ಇಡಿ, ಒಂದು ಗುಟುಕು ಕುಡಿದ್ರೆ ಮುಂದಿಂದೆಲ್ಲ ಹೊಗೆ ಹೊಗೆ. ಕ್ರೇಟ್ ತಗೋಬೇಡಿ, ಬಿಡಿ ಬಾಟಲಿ ಕೊಡ್ತಾರೆ, ಮಾಮೂಲಿ ಕಂದು ಬಾಟಲಿಗೆ ಪ್ಫಾಂಡ್ (ಬಾಟಲಿ ವಾಪಸ್ ಕೊಟ್ರೆ ಸಿಗೋ ಠೇವಣಿ) 8 ಸೆಂಟ್ ಅಷ್ಟೇ. ಶನಿವಾರ ರಾತ್ರಿ 8ರೊಳಗೆ ತಂದಿಟ್ಕೊಳ್ಳಿ, ಭಾನುವಾರ ಬವೇರಿಯಾದಲ್ಲಿ ಅಂಗಡಿ ಮುಚ್ಚಿರತ್ತೆ ಅಂತ ಬಂದ ಹೊಸದ್ರಲ್ಲಿ ಎಲ್ಲರೂ ಮರೀತಾರೆ. ಕಿಟಕಿ ಬಿಸಿಲು ಬೀಳೋ ಜಾಗದಲ್ಲಿ ಜೋಡಿಸಿರೋ ಬಾಟಲಿ ಬೇಡವೇ ಬೇಡ, ಹಸಿರು ಬಾಟಲಿ ಆದ್ರಂತೂ ದೂರ ಇರಿ, ಬೆಳಕು ತಾಗಿದ್ರೆ ಹಾಪ್ಸ್ (ಬಿಯರ್‌ಗೆ ಕಹಿ ಕೊಡೋ ಹೂವು) ಕೆಟ್ಟು ಒಂಥರಾ ಮೂಗು ಮುಚ್ಕೊಳೋ ವಾಸನೆ ಬರತ್ತೆ.

ಇನ್ನು ಗ್ಲಾಸು. ಇಲ್ಲಿ ನಾನು ಬಿಡೋಳಲ್ಲ. ಎಣ್ಣೆ ಜಿಡ್ಡು ಒಂದು ಚೂರು ಇದ್ರೂ ನೊರೆ ನಿಲ್ಲಲ್ಲ, ನೊರೆ ಇಲ್ಲಾಂದ್ರೆ ಘಮ ಅರ್ಧ ಹೋಯ್ತು. ಡಿಶ್‌ವಾಷರ್‌ಗೆ ಹಾಕೋ ಹೊಳಪಿನ ಲಿಕ್ವಿಡ್ ಕೂಡ ಗ್ಲಾಸಿಗೆ ಅಂಟ್ಕೊಂಡು ನೊರೆ ಕೊಲ್ಲತ್ತೆ. ಹಿಂದಿನ ರಾತ್ರಿನೇ ಗ್ಲಾಸುಗಳನ್ನ ಅಡುಗೆ ಸೋಡ ಹಾಕಿದ ಬಿಸಿನೀರಲ್ಲಿ, ಹೊಸ ಸ್ಪಂಜಲ್ಲಿ ಉಜ್ಜಿ (ಒಗ್ಗರಣೆ ಬಾಣಲೆ ಉಜ್ಜಿದ ಸ್ಪಂಜಲ್ಲಿ ಅಲ್ಲ ಮತ್ತೆ), ಚೆನ್ನಾಗಿ ತೊಳೆದು ಬೋರಲು ಹಾಕಿ, ಬಟ್ಟೇಲಿ ಒರೆಸ್ಬೇಡಿ. ಕ್ಲೀನ್ ಆಗಿದ್ಯಾ ಅಂತ ನೋಡೋಕೆ ಒದ್ದೆ ಗ್ಲಾಸ್ ಒಳಗೆ ಪುಡಿ ಉಪ್ಪು ಉದುರಿಸಿ ತಿರುಗಿಸಿ, ಎಲ್ಲಾ ಕಡೆ ಸಮವಾಗಿ ಅಂಟ್ಕೊಂಡ್ರೆ ಸರಿ, ಎಲ್ಲಿ ಜಿಡ್ಡಿದ್ಯೋ ಅಲ್ಲಿ ಉಪ್ಪು ನಿಲ್ದೆ ಜಾರಿ ಹೋಗತ್ತೆ. ಆಮೇಲೆ ಉಪ್ಪು ತೊಳೀರಿ! ಬಡಿಸೋಕೆ ಮುಂಚೆ ತಣ್ಣೀರಲ್ಲಿ ಒಂದ್ಸಲ ಜಾಲಾಡಿಸಿ ಹಾಗೇ ಬಗ್ಗಿಸಿ. ಬಾಟಲಿಗಳನ್ನ ಫ್ರಿಜ್ಜಿಂದ ಒಂದು ಹದಿನೈದು ಇಪ್ಪತ್ತು ನಿಮಿಷ ಮುಂಚೆ ತೆಗೆದಿಡಿ, 8 ಡಿಗ್ರಿ ಹತ್ರ ಬಂದ್ರೆ ಮಾಲ್ಟ್ ಮಾತಾಡೋಕೆ ಶುರು ಮಾಡತ್ತೆ, ಮೆರ್ಟ್ಸನ್ ಅಂತೂ ಇನ್ನೊಂಚೂರು ಬೆಚ್ಚಗಾದ್ರೂ ಚೆಂದ.

ತಿಂಡಿ ಅಂದ್ರೆ ಮಧ್ಯದಲ್ಲಿ ಬರೀ ಬ್ರೆಡ್ಡು, ನೀರು. ಬ್ರೆಟ್ಸೆಲ್ (ಗಂಟು ಹಾಕಿದ ಥರ ಇರೋ ಇಲ್ಲಿನ ಬ್ರೆಡ್ಡು) ಆದ್ರೂ ಮೇಲಿನ ದಪ್ಪ ಉಪ್ಪು ಕೆರೆದು ಕೊಡಿ. ಕೋಡುಬಳೆ, ನಿಪ್ಪಟ್ಟು, ಕಾಂಗ್ರೆಸ್ ಕಡ್ಲೆಬೀಜ ಎಲ್ಲಾ ರುಚಿ ನೋಡಿ ಮುಗಿದ ಮೇಲೆ ತೆಗೀರಿ, ಡಬ್ಬಿ ಮುಂಚೇನೇ ಹೊರಗಿಟ್ರೆ ನಮ್ಮವರ ಕೈ ಕಟ್ಟಿ ಹಾಕೋರು ಯಾರು. ಅವತ್ತು ಮನೇಲಿ ಅಗರಬತ್ತಿ, ಒಗ್ಗರಣೆ ಎರಡೂ ಬೇಡ, ಸೆಂಟ್ ಹಾಕ್ಕೊಂಡು ಬಂದವರನ್ನ ಬಾಲ್ಕನಿ ಕಡೆ ಕೂರಿಸಿ.

ಬಡಿಸುವಾಗ ಒಬ್ಬೊಬ್ಬರಿಗೆ 100 ಎಂಎಲ್ ಸಾಕು. ಕಮ್ಮಿ ಅನ್ಸತ್ತೆ, ಆರು ಥರ ಆದ್ರೆ 600 ಎಂಎಲ್ ಆಯ್ತು ನೋಡಿ, ಒಂದು ಬಾಟಲಿ ದಾಟ್ತು. ಫೆಸ್ಟ್‌ಬಿಯರ್ ಮೊದ್ಲು, ಮೆರ್ಟ್ಸನ್ ಆಮೇಲೆ. ಬಾಟಲಿಗಳಿಗೆ ಹಳೇ ಸಾಕ್ಸ್ (ಒಗೆದಿದ್ದು) ಹಾಕಿ ನಂಬರ್ ಚೀಟಿ ಅಂಟಿಸಿ, ಬಡಿಸೋರು ಒಬ್ರೇ ಇರಲಿ, ಅವರು ಬಾಯಿ ಬಿಡಬಾರದು. ಆದ್ರೆ ಸಾಕ್ಸ್ ಹಾಕಿದ್ರೂ ಗ್ಲಾಸಲ್ಲಿ ಬಣ್ಣ ಕಾಣತ್ತಲ್ಲ, ಸ್ವಲ್ಪ ಕಪ್ಪಗಿದ್ರೆ ಸಾಕು "ಇದು ಸಿಹಿ, ಇದು ಸ್ಟ್ರಾಂಗ್" ಅಂತ ಕಣ್ಣೇ ತೀರ್ಮಾನ ಕೊಟ್ಬಿಡತ್ತೆ. ಅದಕ್ಕೆ ಊರಿಂದ ತಂದಿರೋ ಸ್ಟೀಲ್ ಲೋಟ ತೆಗೀರಿ. ಮೂರು ಲೋಟ ಇಟ್ಟು, ಎರಡರಲ್ಲಿ ಒಂದೇ ಬಿಯರ್, ಮೂರನೇದ್ರಲ್ಲಿ ಬೇರೆ ಹಾಕಿ, ಬೇರೆ ಯಾವ್ದು ಹೇಳಿ ಅಂತ ಕೇಳಿ. ಬ್ರೂವರಿಗಳಲ್ಲೂ ಹೀಗೇ ಪರೀಕ್ಷೆ ಮಾಡ್ತಾರೆ. "ನಂಗೆ ಆಗಸ್ಟೀನರ್ ಬಿಟ್ರೆ ಬೇರೆ ಇಳಿಯೋದೇ ಇಲ್ಲ" ಅನ್ನೋ ಎಷ್ಟು ಜನ ಈ ಮೂರು ಲೋಟದ ಮುಂದೆ ತೆಪ್ಪಗಾಗಿದಾರೆ ಅಂತ ಹೇಳಕ್ಕೆ ಹೋದ್ರೆ ಜಗಳ ಆಗತ್ತೆ, ನಮ್ಮನೆಯವರೂ ಅದ್ರಲ್ಲಿ ಒಬ್ರು. ಊಹೆ ಮೇಲೂ ಮೂರಕ್ಕೊಂದು ಸಲ ಸರಿ ಆಗೋ ಚಾನ್ಸ್ ಇದೆ, ಅದಕ್ಕೆ ಮೂರ್ನಾಲ್ಕು ಸಲ ಮಾಡಿಸಿ.

ಮೂಗಿಗೆ ಏನು ಸಿಗ್ಬೇಕು ಅಂದ್ರೆ, ಮೆರ್ಟ್ಸನ್‌ನಲ್ಲಿ ರಾಗಿ ಹುರಿಯೋವಾಗ ಮನೆಯೆಲ್ಲಾ ಹರಡತ್ತಲ್ಲ, ಆ ಥರದ ಒಂದು ಬೆಚ್ಚನೆ ಘಮ, ಮ್ಯೂನಿಕ್ ಮಾಲ್ಟ್ ಅಂತ ಸ್ವಲ್ಪ ಹೆಚ್ಚು ಬಿಸಿಗೆ ಒಣಗಿಸಿದ ಬಾರ್ಲಿಯಿಂದ ಬರೋದು ಅದು. ಮೊದಲ ಗುಟುಕಲ್ಲಿ ಸಿಹಿ ಅನ್ಸಿದ್ರೂ ನುಂಗಿದ ಮೇಲೆ ಬಾಯಿ ಒಣಗಿದ ಹಾಗಾಗ್ಬೇಕು. ಸಿಹಿ ಅಂಟಂಟಾಗಿ ಬಾಯಲ್ಲೇ ಉಳಿದ್ರೆ ನಾನು ಅದಕ್ಕೆ ಮಾರ್ಕ್ಸ್ ಕಟ್ ಮಾಡ್ತೀನಿ. ಫೆಸ್ಟ್‌ಬಿಯರ್‌ನಲ್ಲಿ ಹಿಟ್ಟಿನ, ಹೊಸ ಬ್ರೆಡ್ಡಿನ ವಾಸನೆ, ಹಾಪ್ಸ್ ಹುಲ್ಲು ಹೂವಿನ ಥರ ಸಣ್ಣಗೆ. ಬೆಣ್ಣೆ ವಾಸನೆ ಬಂದ್ರೆ ಯೀಸ್ಟ್ ಕೆಲಸ ಪೂರ್ತಿ ಮುಗಿಯೋ ಮುಂಚೆ ತಣ್ಣಗೆ ಮಾಡಿರ್ತಾರೆ, ಬೇಯಿಸಿದ ಜೋಳದ ವಾಸನೇನೂ ಈ ಥರ ತಣ್ಣಗಿಟ್ಟು ಮಾಡೋ ಲಾಗರ್ ಬಿಯರ್‌ಗಳಲ್ಲಿ ಬರೋದುಂಟು. ಒದ್ದೆ ರಟ್ಟಿನ ವಾಸನೆ ಅಂದ್ರೆ ಹಳೇದಾಗಿದೆ, ಗಾಳಿ ಸೇರಿದೆ. ಒಬ್ಬರಿಗೆ ಸಿಕ್ಕಿದ್ದನ್ನ ಕೂಗಿ ಹೇಳ್ಬಾರ್ದು, ಎಲ್ಲರೂ ಚೀಟೀಲಿ ಬರೆದ ಮೇಲೆ ಓದಿ, ಇಲ್ಲಾಂದ್ರೆ ಒಬ್ರು ಜೇನುತುಪ್ಪ ಅಂದ್ರೆ ರೂಮಿಗೆಲ್ಲಾ ಜೇನುತುಪ್ಪ ಬರತ್ತೆ.

ಅಮೆರಿಕದಲ್ಲಿರೋ ನೆಂಟರ ಜೊತೆ ಫೋನಲ್ಲಿ ವಾದಕ್ಕೆ ಇಳೀಬೇಡಿ. ಅಲ್ಲಿಗೆ ಪೌಲಾನರ್‌ನವರು ತಾಮ್ರದ ಬಣ್ಣದ ಮೆರ್ಟ್ಸನ್ನೇ ಅಕ್ಟೋಬರ್‌ಫೆಸ್ಟ್ ಹೆಸರಲ್ಲಿ ಕಳಿಸ್ತಾರೆ, ಅಲ್ಲಿನ ಸ್ಯಾಮುಯೆಲ್ ಆಡಮ್ಸ್ ಕಂಪನಿಯವರದ್ದೂ ಅದೇ ದಾರಿ, ಹಾಗಾಗಿ ಅವರಿಗೆ ಅಕ್ಟೋಬರ್‌ಫೆಸ್ಟ್ ಬಿಯರ್ ಅಂದ್ರೆ ಕೆಂಪಗೆ, ನಮಗೆ ಹೊಂಬಣ್ಣ, ಇಬ್ಬರೂ ಸರಿ. ಊರಿಗೆ ಒಯ್ಯೋರು 2 ಲೀಟರ್ ತನಕ ಡ್ಯೂಟಿ ಇಲ್ದೆ ಒಯ್ಯಬಹುದು, ಅಂದ್ರೆ ಅರ್ಧ ಲೀಟರ್ ಬಾಟಲಿ ನಾಲ್ಕು, ಎರಡು ಇದು ಎರಡು ಅದು. ಒಂದೊಂದನ್ನೂ ಪ್ಲಾಸ್ಟಿಕ್ ಕವರಲ್ಲಿ ಗಂಟು ಹಾಕಿ ಹಳೇ ಪಂಚೆ ಸುತ್ತಿ ಸೂಟ್‌ಕೇಸ್ ಮಧ್ಯದಲ್ಲಿಡಿ.

ರಾತ್ರಿ ಕಾರ್ ಮುಟ್ಬೇಡಿ, ಎಸ್ ಬಾನ್ ರೈಲಿದೆ. ಲೈಸೆನ್ಸ್ ತಗೊಂಡು ಎರಡು ವರ್ಷ ಆಗದವರಿಗೆ, 21 ತುಂಬದವರಿಗೆ ಇಲ್ಲಿ ಲಿಮಿಟ್ಟೇ ಸೊನ್ನೆ. ತಳದಲ್ಲಿ ಉಳಿದ ಬಿಯರ್ರನ್ನ ಸಿಂಕಿಗೆ ಸುರೀಬೇಡಿ, ಮೊಸರಿನ ಡಬ್ಬೀಲಿ ಹಾಕಿ ತೋಟದಲ್ಲಿ ಕುತ್ತಿಗೆವರೆಗೆ ಹೂತಿಟ್ರೆ ಗೊಂಡೆಹುಳ (ಚಿಪ್ಪಿಲ್ಲದ ಬಸವನಹುಳದ ಥರದ್ದು) ಬಂದು ಬೀಳತ್ತೆ, ಕೊತ್ತಂಬರಿ ಉಳಿಯತ್ತೆ. ಆದ್ರೆ ಬೇಲಿ ಹತ್ರ ಇಡ್ಬೇಡಿ, ಪಕ್ಕದ ಮನೆ ಹುಳಾನೂ ವಾಸನೆ ಹಿಡ್ಕೊಂಡು ನಿಮ್ಮನೆಗೇ ಬರತ್ತೆ.